ಹಗುರ ಸರಿ, ಎಷ್ಟು ಹಗುರ?

ನಮಸ್ಕಾರ.

ನಿಮ್ಮ ‘ರೆಕ್ಕೆ ಬಂದ ಚಕ್ರಗಳು’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಓದುಗನಾಗಿ, ಎರಡನೇ ಸಲ ಪೆನ್ಸಿಲ್ ಹಿಡಿದು. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಕಾರಣ, ನಾಲ್ಕನೇ ಪುಟದಲ್ಲಿರುವ ಒಂದು ಪ್ಯಾರಾ. ಅದಕ್ಕೆ ಆಮೇಲೆ ಬರುತ್ತೇನೆ.

ವಿಷಯ ಒಳ್ಳೆಯದೇ. ಪುಟ್ಟ, ಚುರುಕಾದ ಕಾರಿಗೆ ಕಂಪನಿಯ ಚಕ್ರ ತೆಗೆದು ಹೊರಗಿನ ಹಗುರ ಅಲಾಯ್ (ಮಿಶ್ರಲೋಹದ ಚಕ್ರ) ಹಾಕಿಸುವುದು. ನೀವೇ ಹಾಕಿಸಿದ್ದೀರಿ, ತಿಂಗಳುಗಟ್ಟಲೆ ಓಡಿಸಿದ್ದೀರಿ. ಅಂದರೆ ಹೇಳಲು ಸರಕು ಇದೆ. ಹಾಗಿದ್ದೂ ಮೊದಲ ಮೂರು ಪ್ಯಾರಾ ಚಕ್ರದ ಆವಿಷ್ಕಾರಕ್ಕೆ ಹೋಗಿವೆ. ನಾಲ್ಕನೆಯದು ಕರ್ಣನ ರಥಕ್ಕೆ. ಆ ಚಕ್ರ ಹೂತದ್ದು ಶಾಪದಿಂದ, ತೂಕದಿಂದಲ್ಲ. ಅಲಾಯ್ ಹಾಕಿಸಿದ್ದರೂ ಹೂಳುತ್ತಿತ್ತು. ನಾಲ್ಕನ್ನೂ ತೆಗೆದುಬಿಡಿ.

ಆಮೇಲೆ ಒಂದು ವಿಚಿತ್ರ. ಆರು ಪುಟದ ಲೇಖನದಲ್ಲಿ ನಿಮ್ಮ ಕಾರಿನ ಹೆಸರೇ ಇಲ್ಲ. ‘ನನ್ನ ಪುಟಾಣಿ ಚಿರತೆ’ ಅಂತ ಏಳು ಕಡೆ ಇದೆ. ಓದುವವನಿಗೆ ಚಿರತೆ ಬೇಡ, ಮಾಡೆಲ್ ಬೇಕು. 2017ರಲ್ಲಿ ಬಂದ ಸುಜುಕಿ ಸ್ವಿಫ್ಟ್ ಸ್ಪೋರ್ಟ್ ತಗೊಳ್ಳಿ. ಅದರ ಹಬ್ಬಿನಲ್ಲಿ (ಚಕ್ರ ಕೂರುವ ನಡುಭಾಗ) ಐದು ಬೋಲ್ಟ್, ಪಿಸಿಡಿ (ಬೋಲ್ಟ್‌ಗಳು ಕೂತಿರುವ ವೃತ್ತದ ವ್ಯಾಸ) 114.3 ಮಿಲಿಮೀಟರ್, ಸೆಂಟರ್ ಬೋರ್ (ಚಕ್ರದ ನಡುವಿನ ತೂತು) 60.1. ಮಜ್ದಾ ಎಂಎಕ್ಸ್-5 ನಾಲ್ಕನೇ ತಲೆಮಾರಿನದು ನೋಡಿ. ನಾಲ್ಕೇ ಬೋಲ್ಟ್, ಪಿಸಿಡಿ 100, ಬೋರ್ 54.1. ಎರಡೂ ಒಂದು ಟನ್ ಆಸುಪಾಸಿನ ಕಾರುಗಳು, ಇಟ್ಟುಕೊಂಡವರ ಹುಚ್ಚೂ ಒಂದೇ. ಆದರೆ ಒಂದರ ಚಕ್ರ ಇನ್ನೊಂದಕ್ಕೆ ಕೂರುವುದಿಲ್ಲ. ಕಾರು ಹೇಳದೆ ಚಕ್ರದ ಸಲಹೆ ಕೊಡುವುದು, ಕಾಲು ನೋಡದೆ ಚಪ್ಪಲಿ ಕೊಟ್ಟ ಹಾಗೆ.

ಈಗ ಮುಖ್ಯ ತಕರಾರಿಗೆ ಬರುತ್ತೇನೆ. ನೀವು ಬರೆದಿದ್ದೀರಿ: ‘ಚಕ್ರದಲ್ಲಿ ಒಂದು ಕಿಲೋ ಉಳಿಸಿದರೆ ಕಾರಿನ ಮೈಯಲ್ಲಿ ಹತ್ತು ಕಿಲೋ ಉಳಿಸಿದಂತೆ.’ ಈ ಮಾತನ್ನು ನಾನೂ ಬೇಕಾದಷ್ಟು ಸಲ ಕೇಳಿದ್ದೇನೆ. ಹೇಳುವವರೆಲ್ಲ ಬೇರೆ ಯಾರೋ ಹೇಳಿದ್ದನ್ನು ಕೇಳಿದವರು. ನೀವು ಒಂದು ಸಲ ಕೂತು ಲೆಕ್ಕ ಹಾಕಬೇಕಿತ್ತು. ದೊಡ್ಡ ಗಣಿತವೇನಲ್ಲ.

ಚಕ್ರ ಎರಡು ಕೆಲಸ ಮಾಡುತ್ತದೆ. ಕಾರಿನ ಜೊತೆ ಮುಂದಕ್ಕೆ ಹೋಗುತ್ತದೆ, ಜೊತೆಗೆ ತಿರುಗುತ್ತದೆ. ಹಾಗಾಗಿ ವೇಗ ಏರಿಸುವಾಗ ಅದರ ಒಂದು ಕಿಲೋ ಒಂದಕ್ಕಿಂತ ಜಾಸ್ತಿಯಾಗಿ ಎಣಿಕೆಗೆ ಬರುತ್ತದೆ. ಅಷ್ಟರ ಮಟ್ಟಿಗೆ ಮಾತು ನಿಜ. ಎಷ್ಟು ಜಾಸ್ತಿ? ಚಕ್ರದ ಇಡೀ ತೂಕ ಟೈರಿನ ಹೊರ ಅಂಚಿನಲ್ಲೇ ಕೂತಿದೆ ಎಂದುಕೊಂಡರೂ ಎರಡು ಪಟ್ಟು. ಅದಕ್ಕಿಂತ ಮೇಲೆ ಹೋಗಲು ದಾರಿಯೇ ಇಲ್ಲ. ರಿಮ್, ಅಂದರೆ ಟೈರಿಲ್ಲದ ಲೋಹದ ಚಕ್ರ, ಇರುವುದು ಆ ಅಂಚಿಗಿಂತ ಒಳಗೆ. ಅದರ ಕಡ್ಡಿಗಳು ಇನ್ನೂ ಒಳಗೆ. ಹಾಗಾಗಿ ರಿಮ್ಮಿನ ಒಂದು ಕಿಲೋ ಸುಮಾರು 1.3ರಿಂದ 1.5 ಕಿಲೋಗೆ ಸಮ. ಹತ್ತಕ್ಕಲ್ಲ.

ಈಗ ನಿಮ್ಮದೇ ಅಂಕಿ ಹಾಕೋಣ. ಹಳೇ ರಿಮ್ಮಿಗಿಂತ ಹೊಸದು 2.5 ಕಿಲೋ ಕಡಿಮೆ. ರಿಮ್ ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದಿದ್ದೀರಿ. ಈ ವಿವರ ನನಗೆ ತುಂಬ ಇಷ್ಟವಾಯಿತು, ಇದನ್ನು ಬಿಡಬೇಡಿ. ನಾಲ್ಕು ಚಕ್ರಕ್ಕೆ 10 ಕಿಲೋ. ತಿರುಗುವುದೂ ಸೇರಿ 13ರಿಂದ 15 ಅನ್ನಿ. ನೀವು ಕೂತ ಮೇಲೆ ಕಾರು 1,050 ಕಿಲೋ ಅಂದಿದ್ದೀರಿ. ಅಂದರೆ ಉಳಿಸಿದ್ದು ಹೆಚ್ಚೆಂದರೆ ನೂರಕ್ಕೆ 1.4 ಭಾಗ. ನೂರು ಕಿಲೋಮೀಟರ್ ವೇಗ ಮುಟ್ಟಲು ಎಂಟು ಸೆಕೆಂಡ್ ತಗೊಳ್ಳುವ ಕಾರಿಗೆ ಇದರಿಂದ ಸಿಗುವುದು ಹೆಚ್ಚೆಂದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ‘ಕಾರು ಕಿವಿಗೆ ಗಾಳಿ ಹೊಕ್ಕ ಕರುವಿನಂತೆ ನೆಗೆಯಿತು’ ಅಂತ ಬರೆದಿದ್ದೀರಿ. ಸಾಲು ಚೆನ್ನಾಗಿದೆ. ನಿಜ ಅಲ್ಲ.

ಇಷ್ಟೇ ಆಗಿದ್ದರೆ ಬಿಡಬಹುದಿತ್ತು. ಆದರೆ ಎರಡನೇ ಪುಟದ ಕೊನೆಯಲ್ಲಿ, ಏನೂ ಆಗದವರ ಹಾಗೆ, ಟೈರ್ ಅಳತೆಯನ್ನೂ ಬದಲಾಯಿಸಿದ್ದಾಗಿ ಹೇಳಿದ್ದೀರಿ. ಮೊದಲು 195/50 ಆರ್16 (ಅಗಲ 195 ಮಿಲಿಮೀಟರ್, ಪಕ್ಕದ ಎತ್ತರ ಅದರ ನೂರಕ್ಕೆ 50 ಭಾಗ, ರಿಮ್ 16 ಇಂಚು) ಇತ್ತು. ಈಗ 205/45 ಆರ್17. ಮೊದಲನೆಯದರ ಹೊರ ವ್ಯಾಸ ಸುಮಾರು 601 ಮಿಲಿಮೀಟರ್, ಎರಡನೆಯದು 616. ನೂರಕ್ಕೆ ಎರಡೂವರೆ ಭಾಗ ದೊಡ್ಡದು. ಚಕ್ರ ದೊಡ್ಡದಾದರೆ ಪ್ರತಿ ಗೇರಿನಲ್ಲೂ ಎಳೆತ ಅಷ್ಟೇ ಭಾಗ ಕಡಿಮೆಯಾಗುತ್ತದೆ. ಅಂದರೆ ಹಗುರ ರಿಮ್ಮಿನಿಂದ ಗಳಿಸಿದ 1.4 ಅನ್ನು ದೊಡ್ಡ ಟೈರಿಗೆ ಕೊಟ್ಟು, ಮೇಲೆ ಇನ್ನೊಂದಿಷ್ಟು ಸಾಲ ಮಾಡಿಕೊಂಡಿದ್ದೀರಿ. ಸ್ಪೀಡೋಮೀಟರ್ ಕೂಡ ಈಗ ಮೊದಲಿಗಿಂತ ಕಡಿಮೆ ತೋರಿಸುತ್ತಿರುತ್ತದೆ, ಗಮನಿಸಿದ್ದೀರಾ? 16 ಇಂಚಿನಲ್ಲೇ ಉಳಿದು ಹಗುರ ರಿಮ್ ಹಾಕಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಪುಟ್ಟ ಕಾರಿಗೆ ಅದೇ ದೊಡ್ಡ ಪ್ರಶ್ನೆ.

ಇನ್ನೊಂದು. ರಿಮ್ ತೂಗಿದಿರಿ, ಟೈರ್ ತೂಗಲಿಲ್ಲ. ಟೈರಿನ ತೂಕ ಇರುವುದೇ ಹೊರ ಅಂಚಿನಲ್ಲಿ. ತಿರುಗಿಸುವ ಲೆಕ್ಕದಲ್ಲಿ ಟೈರಿನ ಒಂದು ಕಿಲೋ ರಿಮ್ಮಿನ ಒಂದು ಕಿಲೋಗಿಂತ ದುಬಾರಿ. ಹೊಸ ಟೈರ್ ಒಂದೂವರೆ ಕಿಲೋ ಜಾಸ್ತಿ ಇದ್ದರೆ ನಿಮ್ಮ ಸಂಭ್ರಮದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಕರಗಿತು. ಟೈರ್ ಸಮೇತ ತೂಗಿ ಬರೆಯಿರಿ.

ಈಗ ಆ ನಾಲ್ಕನೇ ಪುಟ. ‘ದಿನಾ ಹೋಗುವ ದಾರಿಯಲ್ಲಿ ಡಾಂಬರು ಕಿತ್ತುಹೋದ ಒಂದು ತಿರುವಿದೆ. ಹಳೇ ಚಕ್ರವಿದ್ದಾಗ ಅಲ್ಲಿ ಕಾರಿನ ಹಿಂಭಾಗ ಪುಟಿದು ಒಂದು ಗೇಣು ಪಕ್ಕಕ್ಕೆ ಸರಿಯುತ್ತಿತ್ತು. ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಹೊಸ ಚಕ್ರ ಹಾಕಿದ ಮರುದಿನ ತಿರುವು ದಾಟಿದ ಮೇಲೆ ನೆನಪಾಯಿತು, ಇವತ್ತು ಉಸಿರು ಹಿಡಿಯಲೇ ಇಲ್ಲ ಅಂತ.’

ಲೇಖನ ಇಲ್ಲಿದೆ. ಉಳಿದ ಐದು ಪುಟ ಇದರ ಸುತ್ತ ಸುತ್ತಿದ ಹಳೇ ಪೇಪರ್. ವಿಚಿತ್ರವೆಂದರೆ, ಈ ಪ್ಯಾರಾದ ನಂತರ ನೀವು ಒಂದು ಮಾತೂ ವಿವರಿಸದೆ ಮತ್ತೆ ಬಣ್ಣದ ಆಯ್ಕೆಗೆ ಹೋಗಿಬಿಟ್ಟಿದ್ದೀರಿ.

ಅಲ್ಲಿ ಆದದ್ದು ಏನು? ಕಾರಿನ ಮೈ ಸ್ಪ್ರಿಂಗಿನ ಮೇಲೆ ಕೂತಿದೆ. ಚಕ್ರ, ಟೈರ್, ಬ್ರೇಕ್, ಹಬ್ ಸ್ಪ್ರಿಂಗಿನ ಕೆಳಗಿವೆ. ಚಕ್ರ ಗುಂಡಿಯ ಅಂಚಿಗೆ ಬಡಿದಾಗ ಮೇಲಕ್ಕೆ ಚಿಮ್ಮುತ್ತದೆ. ಅದನ್ನು ತಡೆದು ಮತ್ತೆ ನೆಲಕ್ಕೆ ಒತ್ತುವ ಕೆಲಸ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನದು. ಚಿಮ್ಮುವ ವಸ್ತು ಭಾರವಿದ್ದಷ್ಟೂ ತಡೆಯುವುದು ಕಷ್ಟ. ಅಷ್ಟು ಹೊತ್ತು ಟೈರಿಗೆ ನೆಲದ ಹಿಡಿತ ಸರಿಯಾಗಿ ಇರುವುದಿಲ್ಲ. ಒಂದು ಮೂಲೆಯಲ್ಲಿ ಸ್ಪ್ರಿಂಗಿನ ಕೆಳಗಿನ ತೂಕ 30 ಕಿಲೋ ಎಂದುಕೊಳ್ಳಿ. ಅದರಲ್ಲಿ ಎರಡೂವರೆ ಕಿಲೋ ಹೋದರೆ ನೂರಕ್ಕೆ ಎಂಟು ಭಾಗ ಹೋಯಿತು. ಇಡೀ ಕಾರಿನ ಲೆಕ್ಕದಲ್ಲಿ ನಾಲ್ಕು ಚಕ್ರ ಸೇರಿಯೂ ನೂರಕ್ಕೆ ಒಂದು ಚಿಲ್ಲರೆಯಾಗಿದ್ದ ಉಳಿತಾಯ, ಈ ಲೆಕ್ಕದಲ್ಲಿ ಎಂಟು. ಹಗುರ ಚಕ್ರದ ಗುಟ್ಟು ಓಟದಲ್ಲಿಲ್ಲ, ಹಿಡಿತದಲ್ಲಿದೆ. ನಿಮ್ಮ ಕಾಲಿಗೆ ಅದು ಗೊತ್ತಾಗಿದೆ, ಪೆನ್ನಿಗೆ ಗೊತ್ತಾಗಿಲ್ಲ.

ಪ್ರಾಮಾಣಿಕವಾಗಿ ಒಂದು ಮಾತು ಮಾತ್ರ ಸೇರಿಸಿ. ಅದೇ ದಿನ ಹೊಸ ಟೈರೂ ಬಂದಿತ್ತು. ಆ ತಿರುವಿನ ಯಶಸ್ಸಿನಲ್ಲಿ ಟೈರಿನ ಪಾಲೂ ಇದೆ. ಎಷ್ಟು ಅಂತ ಬೇರ್ಪಡಿಸಲು ಆಗುವುದಿಲ್ಲ ಅಂತ ಬರೆದರೆ ಓದುಗ ನಿಮ್ಮನ್ನು ಇನ್ನಷ್ಟು ನಂಬುತ್ತಾನೆ.

ತಯಾರಿಕೆಯ ಭಾಗ. ‘ಫೋರ್ಜ್ ಮಾಡಿದ್ದು ಹಗುರ, ಎರಕದ್ದು ಭಾರ’ ಅಂತ ಒಂದೇ ಏಟಿಗೆ ಮುಗಿಸಿದ್ದೀರಿ. ಅಷ್ಟು ಸುಲಭವಲ್ಲ. ಫೋರ್ಜಿಂಗ್‌ನಲ್ಲಿ ಅಲ್ಯೂಮಿನಿಯಂ ಗಟ್ಟಿಯನ್ನು ಭಾರಿ ಒತ್ತಡದಲ್ಲಿ ಒತ್ತಿ ಆಕಾರ ಕೊಡುತ್ತಾರೆ. ಲೋಹ ಗಟ್ಟಿಯಾಗುತ್ತದೆ, ಹಾಗಾಗಿ ಕಡಿಮೆ ಲೋಹದಲ್ಲಿ ಕೆಲಸ ಮುಗಿಸಬಹುದು. ಮುಗಿಸಲೇಬೇಕು ಅಂತೇನಿಲ್ಲ. ಅಂದಕ್ಕೆ ಅಂತ ದಪ್ಪ ಕಡ್ಡಿ ಇಟ್ಟರೆ ಫೋರ್ಜ್ ಮಾಡಿದ ಚಕ್ರವೂ ಭಾರವೇ. ಎರಡರ ಮಧ್ಯೆ ಇನ್ನೊಂದು ದಾರಿ ಇದೆ. ನಡುಭಾಗವನ್ನು ಎರಕ ಹೊಯ್ದು, ಹೊರಗಿನ ಬಳೆಯನ್ನು ಬಿಸಿ ಇರುವಾಗಲೇ ರೋಲರ್ ಒತ್ತಿ ತೆಳ್ಳಗೆ ಎಳೆಯುವುದು. ಫ್ಲೋ ಫಾರ್ಮಿಂಗ್ ಅನ್ನುತ್ತಾರೆ. ಎಂಕೈ ಕಂಪನಿಯ ಆರ್‌ಪಿಎಫ್1 ಈ ಜಾತಿಯದು. ಫೋರ್ಜ್ ಅಲ್ಲ, ಆದರೂ ಹಗುರ ಚಕ್ರದ ಮಾತು ಬಂದಲ್ಲೆಲ್ಲ ಅದರ ಹೆಸರು ಬರುತ್ತದೆ. ನಿಮ್ಮ ಲೇಖನದಲ್ಲಿ ಬಂದಿಲ್ಲ.

ರೇಸ್ (Rays) ಎಂಬ ಜಪಾನಿ ಕಂಪನಿಯ ಟಿಇ37 ಚಕ್ರ ಮಾತ್ರ ಐದು ಸಲ ಬಂದಿದೆ. ಆ 37 ಯಾಕೆ ಅಂತ ಒಂದು ಸಲವೂ ಹೇಳಿಲ್ಲ. 1996ರಲ್ಲಿ ಅದು ಬಂದಾಗ 15 ಇಂಚಿನ, 6 ಇಂಚು ಅಗಲದ ಚಕ್ರದ ತೂಕ 3.7 ಕಿಲೋ. ಹೆಸರಿನಲ್ಲೇ ತೂಕವಿದೆ! ಇಂಥ ಚಂದದ ವಿವರ ಕೈಗೆ ಸಿಗುವಾಗ ‘ವಿಶ್ವವಿಖ್ಯಾತ’ ಅಂತ ಬರೆದು ಮುಂದೆ ಹೋಗುತ್ತಾರಾ? ಜೊತೆಗೆ ಎಚ್ಚರಿಕೆಯೂ ಅದರಲ್ಲೇ ಇದೆ. 3.7 ಆ ಅಳತೆಗೆ ಮಾತ್ರ. ಅದೇ ಹೆಸರಿನ 17 ಇಂಚಿನ ಚಕ್ರ ಅದಕ್ಕಿಂತ ಭಾರ. ಮಾಡೆಲ್ ನೋಡಿ ತೂಕ ಹೇಳಬಾರದು, ಅಳತೆ ನೋಡಿ ಹೇಳಬೇಕು.

ನಕಲಿ ಚಕ್ರಗಳ ಬಗ್ಗೆ ನೀವು ಬರೆದ ಎಚ್ಚರಿಕೆ ಸರಿಯಾಗಿದೆ, ಆದರೆ ಹೇಗೆ ಗುರುತಿಸುವುದು ಅಂತ ಹೇಳಿಲ್ಲ. ಚಕ್ರದ ಮೇಲೆ ಜೆಡಬ್ಲ್ಯೂಎಲ್ ಗುರುತಿದ್ದರೆ ಜಪಾನಿನ ಅಲಾಯ್ ಮಾನದಂಡಕ್ಕೆ ಸರಿಹೊಂದುತ್ತದೆ ಅಂತ ತಯಾರಕರೇ ಹೇಳಿಕೊಂಡಿದ್ದಾರೆ ಅಂತ ಅರ್ಥ. ವಿಐಎ ಗುರುತಿದ್ದರೆ ಹೊರಗಿನ ಸಂಸ್ಥೆ ಪರೀಕ್ಷಿಸಿ ನೋಂದಾಯಿಸಿದೆ ಅಂತ. ಜೊತೆಗೆ ಚಕ್ರ ಹೊರಬಲ್ಲ ಭಾರ ಎಷ್ಟು ಅಂತ ನೋಡಬೇಕು. ಆಕ್ಸಲಿನ ಗರಿಷ್ಠ ಭಾರದ ಅರ್ಧಕ್ಕಿಂತ ಅದು ಕಡಿಮೆ ಇರಲೇಬಾರದು. ಹಗುರ ಅಂತ ಮರುಳಾಗಿ ರೇಸ್ ಟ್ರ್ಯಾಕಿಗೆ ಮಾಡಿದ ತೆಳು ಚಕ್ರವನ್ನು ಗುಂಡಿ ರಸ್ತೆಗೆ ತರುವವರಿಗೆ ಈ ಎರಡು ಸಾಲು ಬೇಕು.

ಇನ್ನು ಆಫ್‌ಸೆಟ್. ಚಕ್ರದ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವ ಅಳತೆ. ಅದು ಇಳಿದಷ್ಟೂ ಚಕ್ರ ಹೊರಗೆ ಬರುತ್ತದೆ. ಇದಕ್ಕೆ ನೀವು ‘ಪ್ರತಿಸ್ಥಾನಾಂತರ’ ಅಂತ ಪದ ಟಂಕಿಸಿದ್ದೀರಿ. ದಯವಿಟ್ಟು ಬೇಡ. ಟೈರ್ ಅಂಗಡಿಯಲ್ಲಿ ನಿಂತು ಆ ಪದ ಹೇಳಿ ನೋಡಿ, ಹುಡುಗ ನಿಮ್ಮ ಮುಖ ನೋಡುತ್ತಾನೆ. ಪದಕ್ಕಿಂತ ದೊಡ್ಡ ತಪ್ಪು ಅದರ ಮುಂದಿನ ಸಾಲು: ‘ಇದು ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ.’ ನಡೆಯಲಿಲ್ಲ ಅಲ್ವಾ? ಐದನೇ ಪುಟದಲ್ಲಿ ಹಿಂದಿನ ಸೀಟಿಗೆ ಇಬ್ಬರು ಕೂತಾಗ ಟೈರ್ ಫೆಂಡರಿಗೆ ಉಜ್ಜಿ ಸುಟ್ಟ ವಾಸನೆ ಬಂತು ಅಂತ ನೀವೇ ಬರೆದಿದ್ದೀರಿ. ಕಾರಣ ಮಾತ್ರ ಹುಡುಕಿಲ್ಲ. ಹಳೇ ಚಕ್ರ ಆರೂವರೆ ಇಂಚು ಅಗಲ, ಆಫ್‌ಸೆಟ್ 50. ಹೊಸದು ಏಳೂವರೆ ಇಂಚು, ಆಫ್‌ಸೆಟ್ 35. ಅಗಲ ಒಂದು ಇಂಚು ಜಾಸ್ತಿಯಾದ್ದರಿಂದ ಹೊರ ಅಂಚು ಅದರ ಅರ್ಧ, ಅಂದರೆ 12.7 ಮಿಲಿಮೀಟರ್ ಆಚೆ ಬಂತು. ಆಫ್‌ಸೆಟ್ ಇಳಿದದ್ದರಿಂದ ಇನ್ನೂ 15. ಒಟ್ಟು ಸುಮಾರು 28 ಮಿಲಿಮೀಟರ್. ಒಂದು ಇಂಚಿಗಿಂತ ಜಾಸ್ತಿ! ಉಜ್ಜದೆ ಏನು ಮಾಡುತ್ತದೆ? ಅದೇ ಏಳು ಇಂಚು, ಆಫ್‌ಸೆಟ್ 45 ತಗೊಂಡಿದ್ದರೆ ಹೊರಗೆ ಬರುತ್ತಿದ್ದದ್ದು 11 ಚಿಲ್ಲರೆ. ಚಕ್ರ ಅಷ್ಟು ಹೊರಗೆ ಬಂದರೆ ಬೇರಿಂಗ್ ಮೇಲಿನ ಒತ್ತಡವೂ ಬದಲಾಗುತ್ತದೆ, ಸ್ಟೀರಿಂಗ್ ಗುಂಡಿಗಳಲ್ಲಿ ಕೈಯನ್ನು ಎಳೆಯಲು ಶುರು ಮಾಡುತ್ತದೆ. ಈ ಲೆಕ್ಕವನ್ನು ಐದನೇ ಪುಟದ ವಾಸನೆಯ ಪಕ್ಕದಲ್ಲೇ ಇಡಿ. ಮೂಗಿಗೆ ಬಡಿದದ್ದು ತಲೆಗೂ ಹೋಗುತ್ತದೆ.

ಅಂಕಿಗಳೆಲ್ಲ ಸರಿಯಿದ್ದರೂ ಎಡವಬಹುದು, ನಾನೇ ಸಾಕ್ಷಿ. ಹಿಂದೊಮ್ಮೆ ಬೋಲ್ಟ್, ಬೋರ್, ಆಫ್‌ಸೆಟ್ ಎಲ್ಲ ತಾಳೆ ನೋಡಿ ಒಂದು ಸೆಟ್ ತಂದೆ. ಮಾರಿದವರು ‘ಕಣ್ಣು ಮುಚ್ಚಿಕೊಂಡು ಹಾಕಿ’ ಅಂದರು. ನಾನು ಕಣ್ಣು ಮುಚ್ಚಿಕೊಂಡೇ ಮೊದಲು ಟೈರ್ ಹತ್ತಿಸಿಬಿಟ್ಟೆ. ಕಾರಿಗೆ ಕೂರಿಸಿದರೆ ಕಡ್ಡಿಯ ಹಿಂಬದಿ ಬ್ರೇಕ್ ಕ್ಯಾಲಿಪರಿಗೆ (ಬ್ರೇಕ್ ಡಿಸ್ಕ್ ಹಿಡಿಯುವ ಭಾಗ) ತಾಗುತ್ತಿದೆ. ಟೈರ್ ಹತ್ತಿಸಿದ ರಿಮ್ ವಾಪಸ್ ತಗೊಳ್ಳಲ್ಲ ಅಂದರು. ಕಡ್ಡಿಯ ಬಾಗು ಯಾವ ಅಂಕಿಯಲ್ಲೂ ಇರುವುದಿಲ್ಲ. ಬರೀ ರಿಮ್ ಅನ್ನು ಹಬ್ಬಿಗೆ ಹಾಕಿ, ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ಟೈರ್ ಹತ್ತಿಸಬೇಕು. ನಿಮ್ಮ ಲೇಖನದಲ್ಲಿ ಕ್ಯಾಲಿಪರ್ ಎಂಬ ಪದವೇ ಇಲ್ಲ.

ನಟ್ ಬಗ್ಗೆಯೂ ಇಲ್ಲ. ಕಂಪನಿಯ ನಟ್ಟಿನ ಬುಡ ಕೆಲವು ಕಾರಿನಲ್ಲಿ ಗುಂಡಗೆ, ಕೆಲವದರಲ್ಲಿ ಚಪ್ಪಟೆ. ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ 60 ಡಿಗ್ರಿ ಶಂಕುವಿನಾಕಾರದ ನಟ್ ಬೇಕು. ಹಳೇ ನಟ್ಟನ್ನೇ ಬಿಗಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಆಮೇಲೆ ಸಡಿಲವಾಗುತ್ತದೆ. ಎರಡು ಸಾಲು ಸಾಕು. ನೂರು ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಕ್ ವ್ರೆಂಚಿನಿಂದ (ಬಿಗಿತ ಅಳೆಯುವ ಸ್ಪಾನರ್) ಮತ್ತೆ ಪರೀಕ್ಷಿಸಬೇಕು ಅನ್ನುವುದೂ ಅಲ್ಲೇ ಬರಲಿ. ಬಣ್ಣದ ಬಗ್ಗೆ ಬರೆದ ಮುಕ್ಕಾಲು ಪುಟ ತೆಗೆದರೆ ಜಾಗ ತಾನಾಗಿ ಸಿಗುತ್ತದೆ.

ಮತ್ತೆ ಬರೆದು ಕಳಿಸಿ. ಆ ಕಿತ್ತುಹೋದ ತಿರುವಿನಿಂದಲೇ ಶುರು ಮಾಡಿ. ಕಾರಿನ ಹೆಸರು ಎರಡನೇ ಪ್ಯಾರಾದೊಳಗೆ ಬರಲಿ. ಟೈರ್ ಸಮೇತ ಹಳೇ ಚಕ್ರ, ಹೊಸ ಚಕ್ರ ಎರಡನ್ನೂ ಅದೇ ಯಂತ್ರದಲ್ಲಿ ತೂಗಿ. ಒಬ್ಬರಿಗೇ ಎತ್ತಲು ಕಷ್ಟ, ಯಾರನ್ನಾದರೂ ಕರೆಯಿರಿ. ತೂಗಿ ನೋಡಿದಾಗ ವ್ಯತ್ಯಾಸ ಏನೂ ಇಲ್ಲ ಅಂತ ಬಂದರೆ ಅದನ್ನೂ ಬರೆಯಿರಿ, ಲೇಖನ ಇನ್ನೂ ಚೆನ್ನಾಗಾಗುತ್ತದೆ. ಎಲ್ಲ ಸೇರಿ ಮೂರು ಪುಟ ದಾಟಬಾರದು.

ಆ ತಿರುವಿನ ಪ್ಯಾರಾದಲ್ಲಿ ಮಾತ್ರ ಒಂದಕ್ಷರವನ್ನೂ ಮುಟ್ಟಬೇಡಿ.