ಆರ್‌ಎಕ್ಸ್-8ಕ್ಕೆ ಟರ್ಬೊ ಹಾಕುವ ಮೊದಲು

2004ರ ಮಾಜ್ದಾ ಆರ್‌ಎಕ್ಸ್-8ಕ್ಕೆ ಮನೆಯ ಗ್ಯಾರೇಜಲ್ಲೇ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸಾಧನ) ಕೂರಿಸಬಹುದಾ ಅಂತ ಕೇಳಿದ್ದೀರಿ. ಕೂರಿಸಬಹುದು. ಆದರೆ ಆ ದುಡ್ಡು ಈಗಲೇ ಬಿಚ್ಚಬೇಡಿ.

ಈ ಕಾರಿನದ್ದು ರೋಟರಿ ಎಂಜಿನ್, ಅಂದರೆ ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್‌ಗಳು ತಿರುಗುತ್ತವೆ. ಮೊದಲು ಕಂಪ್ರೆಶನ್ ಟೆಸ್ಟ್ (ಎಂಜಿನ್ ಒಳಗಿನ ಒತ್ತಡದ ಪರೀಕ್ಷೆ) ಮಾಡಿಸಿ, ರೋಟರಿಗೆಂದೇ ಇರುವ ಮೀಟರಿನಲ್ಲಿ. ಮಾಮೂಲಿ ಗೇಜ್ ಒಂದು ರೋಟರಿನ ಮೂರು ಮುಖಗಳಲ್ಲಿ ಜಾಸ್ತಿ ಒತ್ತಡ ಇರುವುದನ್ನಷ್ಟೇ ತೋರಿಸುತ್ತದೆ. ಉಳಿದ ಒಂದು ಮುಖ ಸೋತಿದ್ದರೂ ಗೊತ್ತೇ ಆಗುವುದಿಲ್ಲ.

ರೀಡಿಂಗ್ ಚೆನ್ನಾಗಿ ಬಂತಾ? ಹಾಗಾದರೆ ನಾಲ್ಕೂ ಇಗ್ನಿಷನ್ ಕಾಯಿಲ್ ಬದಲಾಯಿಸಿ. ಈ ಗಾಡಿಯಲ್ಲಿ ಅವು ಬೇಗ ಕೈಕೊಡುತ್ತವೆ. ಕಿಡಿ ಸರಿಯಾಗಿ ಹಾರದಿದ್ದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಕನ್ವರ್ಟರ್ ಕರಗಿ ಕಟ್ಟಿಕೊಂಡರೆ ಬಿಸಿ ಹೊಗೆಗೆ ದಾರಿಯಿಲ್ಲ, ಪೆಟ್ಟು ಎಂಜಿನ್ನಿಗೇ. ಎಂಜಿನ್ ಆಯಿಲ್ ಸ್ವಲ್ಪ ಕಮ್ಮಿಯಾಗುವುದಕ್ಕೆ ಗಾಬರಿ ಬೇಡ. ರೋಟರಿನ ಸೀಲುಗಳಿಗೆ ಜಿಡ್ಡು ಸಿಗಲಿ ಅಂತ ಪಂಪೇ ಅದನ್ನು ಒಳಗೆ ಬಿಡುತ್ತದೆ.

ಟರ್ಬೊ ವಿಷಯಕ್ಕೆ ಬಂದರೆ, ಇದು ಕಂಪನಿಯಿಂದ ಟರ್ಬೊ ಇಲ್ಲದೇ ಬಂದ ಎಂಜಿನ್, ಕಂಪ್ರೆಶನ್ ರೇಶಿಯೋ (ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಅನ್ನೋದು) 10:1. ಅದರ ಮೇಲೆ ಟರ್ಬೊ ಇನ್ನಷ್ಟು ಗಾಳಿ ತುರುಕಿದರೆ ನಾಕ್, ಅಂದರೆ ಪೆಟ್ರೋಲ್ ತಾನಾಗೇ ಸಿಡಿಯುವ ಅಪಾಯ ಹೆಚ್ಚು. ಒಮ್ಮೆ ಜೋರಾಗಿ ನಾಕ್ ಆದರೂ ರೋಟರಿನ ಮೂಲೆಯಲ್ಲಿರುವ ಅಪೆಕ್ಸ್ ಸೀಲ್ ಮುರಿಯಬಹುದು. ನಟ್ಟು ಬೋಲ್ಟಿನ ಕೆಲಸ ನೀವೇ ಮಾಡಿ, ಟ್ಯೂನಿಂಗ್ ಮಾತ್ರ ರೋಟರಿ ಪಳಗಿದವರ ಹತ್ತಿರ.

ಅಂದಹಾಗೆ, ಗ್ಯಾರೇಜಿನಿಂದ ಸುಮ್ನೆ ಆಚೆ ತೆಗೆಯೋಕೆ ಅಂತ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡಬೇಡಿ. ಪ್ಲಗ್ ಪೆಟ್ರೋಲಿನಿಂದ ಒದ್ದೆಯಾಗಿ ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುತ್ತದೆ.