ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಲಕ್ಷಾಂತರ ಸಾಲು ಡಿಲೀಟ್ ಮಾಡಿದರೂ ಡಿಸ್ಕ್ ಯಾಕೆ ಖಾಲಿಯಾಗುವುದಿಲ್ಲ?

ಲಾಗ್ ಟೇಬಲ್‌ನ ಅರ್ಧಕ್ಕಿಂತ ಜಾಸ್ತಿ ಸಾಲುಗಳನ್ನು ಡಿಲೀಟ್ ಮಾಡಿದರೂ ಡಿಸ್ಕ್ ಹಾಗೇ ತುಂಬಿದೆ ಅಂತ ಕೇಳಿದ್ದೀರಿ. ಗಾಬರಿ ಬೇಡ, ಸರ್ವರ್ ಕೆಟ್ಟಿಲ್ಲ.

ಡಿಲೀಟ್ ಅಂದ ತಕ್ಷಣ ಪೋಸ್ಟ್‌ಗ್ರೆಸ್ ಸಾಲನ್ನು ಅಳಿಸುವುದಿಲ್ಲ, ಗುರುತು ಹಾಕಿಡುತ್ತದೆ ಅಷ್ಟೆ. ಅದೇ ಹೊತ್ತಿಗೆ ಓಡುತ್ತಿರುವ ಬೇರೆ ಕ್ವೆರಿಗೆ ಆ ಹಳೆಯ ಸಾಲು ಇನ್ನೂ ಕಾಣಬೇಕಲ್ವಾ? ಆಮೇಲೆ ಆಟೋವ್ಯಾಕ್ಯೂಮ್ (ತಾನಾಗೇ ಓಡುವ ಸ್ವಚ್ಛತಾ ಕೆಲಸ) ಬಂದು ಆ ಜಾಗವನ್ನು ಹೊಸ ಸಾಲುಗಳಿಗೆ ಬಿಟ್ಟುಕೊಡುತ್ತದೆ. ಫೈಲ್ ಚಿಕ್ಕದಾಗುವುದು ಮಾತ್ರ ಅಪರೂಪ. ಅದಕ್ಕೆ ಫೈಲ್‌ನ ಕೊನೆಯ ಪುಟಗಳು (ಸಾಲುಗಳನ್ನು ಇಡುವ ತುಂಡುಗಳು) ಪೂರ್ತಿ ಖಾಲಿ ಇರಬೇಕು.

ಟೇಬಲ್‌ಗೆ ಮತ್ತೆ ಡೇಟಾ ಬರುತ್ತಲೇ ಇದ್ದರೆ ಸುಮ್ನೆ ಬಿಡಿ. ಜಾಗ ಬೇಕೇಬೇಕು ಅಂದರೆ ಫೈಲನ್ನೇ ಚಿಕ್ಕದಾಗಿಸುವ ವ್ಯಾಕ್ಯೂಮ್ ಫುಲ್ ಕಮಾಂಡ್ ಇದೆ. ಜನ ಬಳಸುವ ಹೊತ್ತಿನಲ್ಲಿ ಮಾತ್ರ ದಯವಿಟ್ಟು ಓಡಿಸಬೇಡಿ. ಮುಗಿಯುವವರೆಗೆ ಟೇಬಲ್‌ಗೆ ಬೀಗ ಬೀಳುತ್ತದೆ, ಬರೀ ಓದುವ ಸೆಲೆಕ್ಟ್ ಕೂಡ ಕಾಯುತ್ತಾ ಕೂರುತ್ತದೆ. ಮೇಲಾಗಿ ಅದು ಟೇಬಲ್‌ನ ಹೊಸ ಪ್ರತಿಯನ್ನೇ ಬರೆಯುತ್ತದೆ. ಅದಕ್ಕೂ ಡಿಸ್ಕ್‌ನಲ್ಲಿ ಜಾಗ ಬೇಕು! ಡಿಸ್ಕ್ ತುಂಬಿ ತುಳುಕುವಾಗ ಇದಕ್ಕೆ ಕೈ ಹಾಕಿದರೆ ಕಷ್ಟ ಹೆಚ್ಚಾಗುತ್ತದೆ. ದೊಡ್ಡ ಬೀಗ ಬೇಡವೆಂದರೆ ಪಿಜಿ_ರೀಪ್ಯಾಕ್ ಅನ್ನುವ ಎಕ್ಸ್‌ಟೆನ್ಷನ್ ನೋಡಿ, ಆದರೆ ಹೆಚ್ಚುವರಿ ಜಾಗ ಅದಕ್ಕೂ ಬೇಕು.

ಆಟೋವ್ಯಾಕ್ಯೂಮ್ ಓಡಿದರೂ ಸತ್ತ ಸಾಲುಗಳು (ಡಿಲೀಟ್ ಗುರುತು ಬಿದ್ದವು) ಕಡಿಮೆಯಾಗುತ್ತಿಲ್ಲವಾ? ಈಗಿನ ಕನೆಕ್ಷನ್‌ಗಳನ್ನು ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತ ಗಂಟೆಗಟ್ಟಲೆ ಕೂತ ಕನೆಕ್ಷನ್ ಹುಡುಕಿ. ಎಷ್ಟೋ ಸಲ ಕಮಿಟ್ ಆಗದ ಒಂದೇ ಒಂದು ಟ್ರಾನ್ಸಾಕ್ಷನ್ ಇಡೀ ಸ್ವಚ್ಛತೆಯನ್ನು ತಡೆದಿರುತ್ತದೆ. 9.6ನೇ ಆವೃತ್ತಿಯಿಂದ ಇದಕ್ಕೊಂದು ಟೈಮ್‌ಔಟ್ ಸೆಟ್ಟಿಂಗ್ ಇದೆ, ಹಾಕಿಡಿ.

ಪ್ರತಿ ತಿಂಗಳೂ ಹಳೆಯ ಲಾಗ್ ತೆಗೆಯುವವರು ತಿಂಗಳಿಗೊಂದು ಪಾರ್ಟಿಷನ್ (ಟೇಬಲ್‌ನ ಪ್ರತ್ಯೇಕ ಭಾಗ) ಮಾಡಿಕೊಳ್ಳುವುದೇ ಒಳ್ಳೆಯದು. ಪಾರ್ಟಿಷನ್ ಡ್ರಾಪ್ ಮಾಡಿದರೆ ಅದರ ಫೈಲೇ ಹೋಗುತ್ತದೆ, ವ್ಯಾಕ್ಯೂಮ್‌ಗೆ ಕಾಯಬೇಕಿಲ್ಲ.