ಮಗನಿಗಾಗಿ ಪ್ರಾರ್ಥನೆ, ಮಗನ ಎದುರು ಪ್ರಾರ್ಥನೆ

ಪ್ರಶ್ನೆ: ಪೂಜ್ಯ ಗುರುಗಳೇ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಮಗ ನಾಲ್ಕು ವರ್ಷಗಳಿಂದ ಚರ್ಚಿನ ಬಲಿಪೂಜೆಗೆ ಹೋಗುತ್ತಿಲ್ಲ, ದೇವರಲ್ಲಿ ನಂಬಿಕೆಯೇ ಉಳಿದಿಲ್ಲ ಎನ್ನುತ್ತಾನೆ. ಊರಿಗೆ ಬಂದಾಗ ಸಂಜೆಯ ಜಪಸರದಲ್ಲಿ ಅವನ ಹೆಸರೆತ್ತಿ ಬೇಡಿಕೊಂಡರೆ ಎದ್ದು ತಾರಸಿಗೆ ಹೋಗುತ್ತಾನೆ. ದಿನವೂ ವಾಟ್ಸಾಪ್‌ನಲ್ಲಿ ಬೈಬಲ್ ವಾಕ್ಯ ಕಳಿಸುತ್ತೇನೆ, ಉತ್ತರವಿಲ್ಲ. ಕೋಣೆಯ ಗೋಡೆಯಲ್ಲಿದ್ದ ಶಿಲುಬೆಯನ್ನೂ ತೆಗೆದು, ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾನೆ. ಅದನ್ನು ಮತ್ತೆ ಹಾಕಲೇ? ನನ್ನ ಪ್ರಾರ್ಥನೆಯಲ್ಲಿ ಏನು ಕೊರತೆ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ತಾಯಿ, ನಿಮ್ಮ ಪ್ರಾರ್ಥನೆಯಲ್ಲಿ ಕೊರತೆಯಿದೆ ಎಂದು ನನಗೆ ಅನ್ನಿಸುವುದಿಲ್ಲ, ಅದರ ಒಂದು ಪಾಲು ದೇವರಿಗೆ ಹೋಗುವ ಬದಲು ಮಗನ ಕಿವಿಗೆ ಹೋಗುತ್ತಿದೆ, ಅಷ್ಟೇ. ಅವನು ಕೂತಿರುವಾಗ ಅವನ ಹೆಸರು ಹಿಡಿದು ಬೇಡಿಕೊಂಡದ್ದು ಅವನಿಗೆ ಬೈಗುಳದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ನಾಲ್ಕನೆಯ ಶತಮಾನದ ಸಂತ ಮೋನಿಕಾ ಕೂಡ ಈ ದಾರಿಯಲ್ಲೇ ನಡೆದವರು. ಮುಂದೆ ತಾನೇ ಸಂತನಾದ ಮಗ ಅಗಸ್ಟೀನ, ಬೆಳಕು ಮತ್ತು ಕತ್ತಲೆ ಎಂಬ ಎರಡು ಮೂಲಶಕ್ತಿಗಳನ್ನು ನಂಬುತ್ತಿದ್ದ ಮಾನಿ ಪಂಥಕ್ಕೆ ಸೇರಿದಾಗ, ಅವನೊಡನೆ ವಾದಿಸಿ ತಿದ್ದಬೇಕೆಂದು ಆಕೆ ಒಬ್ಬ ಧರ್ಮಾಧ್ಯಕ್ಷರನ್ನು ಬೇಡಿಕೊಂಡರು. ಬಾಲ್ಯದಲ್ಲಿ ತಾವೇ ಆ ಪಂಥದವರ ನಡುವೆ ಬೆಳೆದಿದ್ದ ಅವರು ಒಪ್ಪಲಿಲ್ಲ. ಅವನನ್ನು ಅವನ ಪಾಡಿಗೆ ಬಿಟ್ಟು ದೇವರಲ್ಲಿ ಬೇಡಿಕೊಳ್ಳಿ, ಓದುತ್ತಾ ಓದುತ್ತಾ ಅವನೇ ತಪ್ಪನ್ನು ಕಂಡುಕೊಳ್ಳುತ್ತಾನೆ ಎಂದರು. ಆಕೆ ಬಿಡದೆ ಅಳುತ್ತಾ ಪೀಡಿಸಿದಾಗ, ಇಂಥ ಕಣ್ಣೀರಿನ ಮಗ ಹಾಳಾಗಲಾರ ಎಂದು ಆ ಹಿರಿಯರು ಹೇಳಿದ್ದು ಸ್ವಲ್ಪ ಬೇಸತ್ತೇ. ನಾವು ಪ್ರವಚನಗಳಲ್ಲಿ ಕಣ್ಣೀರಿನ ಮಾತನ್ನಷ್ಟೇ ಹೇಳಿ, ಮೊದಲಿನ ಬುದ್ಧಿಮಾತನ್ನು ಮರೆತುಬಿಡುತ್ತೇವೆ.

ಮುಂದೆ, 383ರಲ್ಲಿ, ಅಗಸ್ಟೀನ ಉತ್ತರ ಆಫ್ರಿಕದ ಕಾರ್ಥೇಜಿನಿಂದ ರೋಮಿಗೆ ಹೊರಟು ನಿಂತ. ಗೆಳೆಯನನ್ನು ಬೀಳ್ಕೊಡಲು ಬಂದಿದ್ದೇನೆಂದು ತಾಯಿಗೆ ಸುಳ್ಳು ಹೇಳಿದ. ಆಕೆ ಬಂದರಿನ ಬಳಿ ಸಂತ ಸಿಪ್ರಿಯಾನರ ಸ್ಮಾರಕದಲ್ಲಿ, ಮಗ ಹೋಗದಿರಲಿ ಎಂದು ರಾತ್ರಿಯಿಡೀ ಬೇಡಿದರು. ಬೆಳಗಾದಾಗ ಹಡಗು ಹೊರಟುಹೋಗಿತ್ತು. ಆದರೆ ಆ ಪ್ರಯಾಣವೇ ಅವನನ್ನು ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರ ಬಳಿಗೆ ತಲುಪಿಸಿತು, 387ರ ಪಾಸ್ಖ (ಈಸ್ಟರ್) ಹಬ್ಬದಲ್ಲಿ ಅವನು ದೀಕ್ಷಾಸ್ನಾನ ಪಡೆದ. ದೇವರು ಆಕೆಯ ಆ ರಾತ್ರಿಯ ಬೇಡಿಕೆಯನ್ನು ಕೈಬಿಟ್ಟದ್ದು ಎಂದಿನ ಬೇಡಿಕೆಯನ್ನು ನಡೆಸಿಕೊಡಲೆಂದೇ ಎಂದು ಅಗಸ್ಟೀನರೇ ಬರೆದಿದ್ದಾರೆ. ನಿಮ್ಮ ಮಗ ಇಂಥ ವರ್ಷದೊಳಗೆ ಮರಳುತ್ತಾನೆಂದು ನಾನು ಮಾತು ಕೊಡಲಾರೆ, ಮೋನಿಕಾ ಅವರಿಗೂ ಯಾರೂ ಗಡುವು ಹೇಳಿರಲಿಲ್ಲ.

ಆದ್ದರಿಂದ ಜಪಸರವನ್ನು ನಿಲ್ಲಿಸಬೇಡಿ, ಅವನಿದ್ದಾಗ ಅವನ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ವಾಟ್ಸಾಪ್ ವಾಕ್ಯಗಳು ಸಾಕು. ಭಾನುವಾರ ಫೋನು ಮಾಡಿದಾಗ ಪೂಜೆಗೆ ಹೋದೆಯಾ ಎಂದು ಕೇಳದೆ, ಊಟವಾಯಿತೇ, ಕೆಲಸ ಹೇಗಿದೆ ಎಂದು ಕೇಳಿ, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಅವನ ನಂಬಿಕೆ ಎಲ್ಲಿ ಮುರಿಯಿತು ಎಂಬುದು ನಿಮ್ಮ ಪತ್ರದಲ್ಲೆಲ್ಲೂ ಇಲ್ಲ. ಬಹುಶಃ ಯಾರೂ ಅವನನ್ನು ಕೇಳಿಲ್ಲ.

ಶಿಲುಬೆ ಬೀರುವಿನಲ್ಲೇ ಇರಲಿ. ಅವನು ಅದನ್ನು ಎಸೆಯಲಿಲ್ಲ, ಟವೆಲ್ಲಿನಲ್ಲಿ ಸುತ್ತಿಟ್ಟಿದ್ದಾನೆ ಎಂದು ನೀವೇ ಬರೆದಿದ್ದೀರಿ.